ಯಾವ ಮಗೂಗೆ ರಕ್ತ?

"ಬಾಟ್ಲಿ ತೊಳೆಯೋ ಮುಂಡೆ, ನೀನು ಕರೆದ್ರೆ ನನ್ನ ಆಳುಗಳೆಲ್ಲ ಕೆಲಸ ಬಿಟ್ಟು ನಿನ್ನ ಹಿಂದೆ ಬರ್ಬೇಕೇನೇ?"

ಮೇಸ್ತ್ರಿಯ ಗಂಟಲು ಗಾಜಿನ ಸದ್ದನ್ನೂ ಮೀರಿ ಶೆಡ್ಡಿನ ತುಂಬ ಕೇಳಿಸಿತು. ಅವಳ ಕೈ ಮೊಣಕೈವರೆಗೆ ಬಾಟ್ಲಿ ತೊಳೆಯುವ ಸೋಡಾ ಬೆರೆತ ಬಿಸಿನೀರಿನಲ್ಲಿತ್ತು.

"ಇಬ್ರೇ ಸಾಕಣ್ಣ. ಮಗಳಿಗೆ ರಕ್ತದ ಕ್ಯಾನ್ಸರು. ಆ ಔಷಧಿ ಒಳ್ಳೇ ರಕ್ತಾನೂ ಸುಟ್ಟುಬಿಟ್ಟಿದೆ. ಹೊರಗಿಂದ ಕೊಟ್ರೇನೇ ಉಳಿಯೋದು."

"ನಿಂದೇ ಕೊಡು."

"ನೋಡಿದ್ರು. ನಂದು ತೆಳು, ತೆಗೆಯೋಕಾಗಲ್ಲ ಅಂದ್ರು. ಅವರಪ್ಪಂದು ಹೋದ ತಿಂಗಳೇ ತಗೊಂಡ್ರು, ಇಷ್ಟು ಬೇಗ ಮತ್ತೆ ತೆಗೆಯಲ್ವಂತೆ."

"ಹೆರೋಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು. ಒಬ್ಬ ಕದಲಿದ್ರೂ ಲೋಡು ನಿಂತುಹೋಗುತ್ತೆ. ತೊಳಿ, ತೊಳಿ."

ಲಾರಿಗೆ ಪೆಟ್ಟಿಗೆ ಹೊರುತ್ತಿದ್ದವರು ತಲೆ ತಗ್ಗಿಸಿದರು. ದಪ್ಪ ಕತ್ತಿನವನೊಬ್ಬ, ಗೂಳಿ ಅಂತ ಎಲ್ಲರೂ ಕರೆಯುವವನು, ತಿರುಗಿ ನೋಡಿದ. ಆಮೇಲೆ ಅವನೂ ಪೆಟ್ಟಿಗೆಯನ್ನು ಹೆಗಲಿಗೇರಿಸಿದ.

ಕಾರ್ಖಾನೆಯ ಧಣಿಯ ಮೊಮ್ಮಗನಿಗೂ ಅದೇ ಕಾಯಿಲೆ, ಅದೇ ಆಸ್ಪತ್ರೆ. ಮರುದಿನ ಅವನಿಗೆ ರಕ್ತ ಬೇಕೆಂದು ಸುದ್ದಿ ಬಂದದ್ದೇ ತಡ, ಮಿಷಿನ್ನು ನಿಂತಿತು. ಲೋಡು ಹಾಗೇ ಬಿತ್ತು. ಮೇಸ್ತ್ರಿ ಹೊರೆಯಾಳುಗಳನ್ನೆಲ್ಲ ವ್ಯಾನಿಗೆ ತುಂಬಿದ. ಅವಳನ್ನೂ ಹತ್ತಿಸಿದ. ರಕ್ತ ಕೊಟ್ಟವರಿಗೆ ಜ್ಯೂಸು, ಬಿಸ್ಕತ್ತು ಹಂಚಲು ಒಂದು ಹೆಂಗಸು ಬೇಕಿತ್ತು.

ದಾರಿಯುದ್ದಕ್ಕೂ ಗಂಡಸರು ಯಾರೂ ಅವಳ ಮುಖ ನೋಡಲಿಲ್ಲ.

ಆಸ್ಪತ್ರೆಗೆ ಹೋದದ್ದೇ ಅವಳು ಮಗಳನ್ನು ನೋಡಲು ಮೇಲೆ ಓಡಿದಳು. ಒಂದೇ ಮಂಚದಲ್ಲಿ ಎರಡು ಮಕ್ಕಳು. ಮಗಳ ಮೂಗಿಗೆ ಹತ್ತಿ ತುರುಕಿದ್ದರು, ಅದು ಕೆಂಪಾಗಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅವಳ ಅವ್ವ, "ಬೆಳಿಗ್ಗೆಯಿಂದ ಸುರೀತಾನೇ ಇದೆ ಕಣೇ, ಯಾರಾದ್ರೂ ಸಿಕ್ಕಿದ್ರಾ?" ಅಂದಳು. ಅವಳು ಸೆರಗಿನಿಂದ ಮಗಳ ತುಟಿ ಒರೆಸಿ ಹೊರಟಳು.

ಕೆಳಗಿಳಿಯುವಾಗ ಧಣಿಯ ಮೊಮ್ಮಗನ ಕೋಣೆ ಸಿಕ್ಕಿತು. ಗಾಜಿನ ಬಾಗಿಲು. ಒಳಗೆ ಅವನೊಬ್ಬನಿಗೇ ಮಂಚ, ಸೋಫಾದ ಮೇಲೆ ಮಲಗಿದ ಅಜ್ಜಿ, ಹುಡುಗನ ಕಾಲೊತ್ತಲು ಒಬ್ಬಳು ಆಯಾ. ಅವನ ತಲೆಯೂ ಬೋಳು, ಅವನ ಕೈಗೂ ಸೂಜಿ. ತಿಂಡಿ ಬೇಡವೆಂದು ತಟ್ಟೆ ಒದ್ದು ಕಿರುಚುತ್ತಿದ್ದ. ಕಿರುಚಲು ಅವನಲ್ಲಿ ಶಕ್ತಿಯಿತ್ತು. ಅದಕ್ಕೂ ಅವಳ ಹೊಟ್ಟೆ ಉರಿಯಿತು. ಮಗಳು ಅತ್ತು ಎಷ್ಟು ದಿನವಾಗಿತ್ತು! ಆ ಹುಡುಗನ ಕೆನ್ನೆಯಲ್ಲಿದ್ದ ಅಷ್ಟೋ ಇಷ್ಟೋ ಬಣ್ಣವನ್ನು ಉಗುರಿನಿಂದ ಕೆರೆದು ಮಗಳ ಕೆನ್ನೆಗೆ ಬಳಿಯಬೇಕೆನಿಸಿತು. ಇವನಿಗೆ ಕೊಟ್ಟ ರಕ್ತವೆಲ್ಲ ಇಂಗಿಹೋಗಲಿ ಎಂಬ ಮಾತು ನಾಲಿಗೆಯ ತುದಿಗೇ ಬಂತು. ಹುಡುಗ ಅವಳನ್ನು ಕಂಡು ಕಿರುಚುವುದನ್ನು ನಿಲ್ಲಿಸಿದ. ಸುಮ್ಮನೆ ನೋಡಿದ. ಅವಳು ಮಾತನ್ನು ನುಂಗಿಕೊಂಡಳು. ಉರಿ ಮಾತ್ರ ಇಳಿಯಲಿಲ್ಲ.

ರಕ್ತ ತೆಗೆಯುವ ಕೋಣೆಯಲ್ಲಿ ನರ್ಸು ರೇಗುತ್ತಿದ್ದಳು.

"ಇಷ್ಟೊಂದು ಜನ ಯಾಕ್ರೀ? ಆ ಮಗೂಗೆ ನಾಲ್ಕು ಜನ ಕೊಟ್ಟಾಯ್ತಲ್ಲ, ಸಾಕು."

"ಸಾಹೇಬ್ರ ಮೊಮ್ಮಗ ಕಣಮ್ಮ," ಮೇಸ್ತ್ರಿ ಹಲ್ಲು ಬಿಟ್ಟ. "ತೆಗೆದಿಟ್ಕೊಳ್ಳಿ, ಮುಂದಕ್ಕೆ ಬೇಕಾಗುತ್ತೆ."

"ಇದೇನು ಉಪ್ಪಿನಕಾಯೇನ್ರೀ? ರಕ್ತ ಸುರಿಯೋದನ್ನ ನಿಲ್ಲಿಸೋ ಪ್ಲೇಟ್‌ಲೆಟ್ಟು ಐದು ದಿನ ಇಟ್ರೆ ಹೆಚ್ಚು. ಆಮೇಲೆ ಚೆಲ್ಲೋದೇ."

ಚೆಲ್ಲೋದು. ಅವಳು ಜ್ಯೂಸಿನ ತಟ್ಟೆಯನ್ನು ನೆಲದ ಮೇಲಿಟ್ಟಳು.

"ಅಣ್ಣಂದಿರಾ, ನನ್ನ ಮಗಳು ಮೇಲಿದ್ದಾಳೆ. ಮೂಗಲ್ಲಿ ರಕ್ತ ನಿಲ್ತಿಲ್ಲ. ಚೆಲ್ಲೋದನ್ನ ಅವಳಿಗೆ ಕೊಡಿ."

ಯಾರೂ ಅಲುಗಲಿಲ್ಲ. ಒಬ್ಬ ಗೋಡೆ ನೋಡಿದ, ಒಬ್ಬ ಕಾಲುಗುರು ನೋಡಿಕೊಂಡ.

"ಥೂ, ಭಿಕಾರಿ!" ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಳೆದ. "ಧಣಿ ರಕ್ತಕ್ಕೂ ಕೈ ಚಾಚ್ತೀಯ?"

"ಧಣಿ ರಕ್ತ ಎಲ್ಲಿಂದ ಬಂತೋ ಬೋಳಿಮಗನೆ?" ಗೂಳಿ ಎದ್ದು ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದ. "ನನ್ನ ಮೈಯಿಂದ ಇನ್ನೂ ತೆಗ್ದೇ ಇಲ್ಲ."

ನರ್ಸು ರಬ್ಬರು ಬಿಗಿಯುತ್ತ ಕೇಳಿದಳು, "ಯಾವ ಮಗೂಗೆ?"

"ಬಾಟ್ಲಿ ತೊಳಿಯೋಳ ಮಗಳಿಗೆ."

"ಲೇ ಗೂಳಿ, ಎದ್ದೇಳೋ! ಧಣೀನೇ ಕರ್ಕೊಂಡು ಬರ್ತೀನಿ, ನೋಡ್ತಿರು. ನಾಳೆಯಿಂದ ನಿಮ್ಮಿಬ್ರಿಗೂ ಗೇಟೇ ತೆಗೆಯಲ್ಲ!"

ಮೇಸ್ತ್ರಿ ಹೊರಗೆ ಓಡಿದ. ಅವಳು ಬಾಗಿಲು ಹಾಕಿ ಚಿಲಕ ಜಡಿದಳು. ಬೆನ್ನು ಕೊಟ್ಟು ನಿಂತಳು. ನರ್ಸು ತಲೆಯೆತ್ತಿ ನೋಡಿದಳು, ಮತ್ತೆ ಸೂಜಿಯ ಕಡೆ ಬಾಗಿದಳು.

ಸ್ವಲ್ಪ ಹೊತ್ತಿಗೆ ಹೊರಗಿಂದ ಬಾಗಿಲು ಬಡಿಯತೊಡಗಿದರು. ಮೇಸ್ತ್ರಿಯ ದನಿ, ಅದರ ಹಿಂದೆ ಧಣಿಯ ದನಿ. ಹಲಗೆ ಅದುರಿದಂತೆಲ್ಲ ಅವಳ ಬೆನ್ನೂ ಅದುರುತ್ತಿತ್ತು. ಗೂಳಿಯ ಪಕ್ಕದ ಕುರ್ಚಿ ಖಾಲಿಯಿತ್ತು. ಇನ್ನೊಬ್ಬ ಬೇಕಿತ್ತು. ಗೋಡೆಗೊರಗಿ ನಿಂತ ಗಂಡಸರನ್ನು ಅವಳು ಒಬ್ಬೊಬ್ಬರನ್ನಾಗಿ ನೋಡತೊಡಗಿದಳು.