ಹಕಾರ

ಮೂರನೆಯ ಸಲವೂ ಹಕಾರ ಸರಿಯಾಗಿಯೇ ಬಂತು. ಹಿಲಾರಿಯೋ ಬಚ್ಚಲ ಕನ್ನಡಿಯ ಮುಂದೆ, ಅರ್ಧ ಕ್ಷೌರವಾದ ಮುಖದಲ್ಲೇ ನಿಂತು "ಮಬುಹಾಯ್" ಎಂದ. ಸ್ವಾಗತದ ಮಾತು, ಬಾಳಿ ಎಂದು ಅದರ ಅರ್ಥ. ನಡುವಿನ ಹಕಾರ ಎದೆಯಿಂದ ಎದ್ದು ಎಲ್ಲೂ ಎಡವದೆ ಹೊರಬಿತ್ತು. ಇನ್ನು ಸಾಕು ಎಂದುಕೊಂಡ. ಸಾಕು ಎಂದುಕೊಂಡ ಮೇಲೆ ಇನ್ನೊಮ್ಮೆ ಹೇಳಿದ.

"ಕನ್ನಡಿಗೆ ಸ್ವಾಗತ ಕೋರಿದ್ದು ಸಾಕು, ತಿಂಡಿ ಆರ್ತಿದೆ ಬನ್ನಿ," ಎಂದು ಹೆಂಡತಿ ಲುಜ್‌ವಿಮಿಂಡಾ ಅಡಿಗೆಮನೆಯಿಂದ ಕೂಗಿದಳು. ಅವಳು ಫಿಲಿಪೀನ್ಸಿನ ಬತಾಂಗಾಸ್ ಕಡೆಯವಳು. ಪ್ರತಿ ಮಾತನ್ನೂ ಎಳೆದು ರಾಗ ಹಾಕುತ್ತಾಳೆ; ಯಾರಾದರೂ ಅಣಕಿಸಿದರೆ ಇನ್ನಷ್ಟು ಎಳೆಯುತ್ತಾಳೆ. ಈ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂದು ಹಿಲಾರಿಯೋಗೆ ಮದುವೆಯಾದಂದಿನಿಂದ ಅಚ್ಚರಿ, ಒಳಗೊಳಗೇ ಹೊಟ್ಟೆಕಿಚ್ಚು.

ಈ ದಿನ ಅವನದು. ಕೆನಡಾದ ಯೆಲ್ಲೋನೈಫ್ ಊರಿನ ಸಮುದಾಯ ಭವನದ ಗೋಡೆಯ ಮೇಲೆ ಇಂಗ್ಲಿಷು, ಫ್ರೆಂಚು, ನೆಲದ ಮೂಲದವರಾದ ದೆನೆ ಜನರ ಮಾತು, ಎಲ್ಲ ಮೊದಲೇ ಇದ್ದವು. ಹೊಟ್ಟೆಪಾಡಿಗೆ ಹೊರಗಿನಿಂದ ಬಂದವರ ಭಾಷೆಗೆ ಜಾಗವಿರಲಿಲ್ಲ. ಹಾಗೆ ಬಂದವರ ಬಾಯಲ್ಲಿ ಈ ಹಿಮದ ಸೀಮೆಯಲ್ಲಿ ಹೆಚ್ಚು ಕೇಳುವುದು ಫಿಲಿಪೀನ್ಸಿನ ಟಗಾಲಗ್ ಎಂದು ಜನಗಣತಿಯಲ್ಲಿ ಗೊತ್ತಾದದ್ದೇ ತಡ, ಅವನು ಊರಾಡಳಿತದ ಹೊಸಿಲು ಸವೆಸಿದ್ದ. ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವವರು, ಹೋಟೆಲಿನ ಒಲೆಯ ಮುಂದೆ ನಿಲ್ಲುವವರು, ಟ್ಯಾಕ್ಸಿಯವರು, ವಜ್ರದ ಗಣಿಯಲ್ಲಿ ಬಟ್ಟೆ ಒಗೆಯುವವರು, ಇಂಥವರ ಮಾತು ಇವತ್ತು ಗೋಡೆ ಏರುತ್ತದೆ. ಫಲಕದ ಸಾಲು ಬರೆದವನು ಅವನೇ. ಮಧ್ಯಾಹ್ನ ಪರದೆ ಸರಿದಾಗ ಅದನ್ನು ಓದುವವನೂ ಅವನೇ. ರೇಡಿಯೋದವರು ಬರುತ್ತಾರೆ.

ತೊಡಕು ಒಂದೇ. ಟಗಾಲಗ್ ಅವನ ತಾಯ್ನುಡಿಯಲ್ಲ.

ಅದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹುಟ್ಟಿದ್ದು ಪಂಪಾಂಗದ ಕೆಸರುಗದ್ದೆಗಳ ನಡುವೆ, ಬಾತುಕೋಳಿ ಸಾಕುವವರ ಮನೆಯಲ್ಲಿ. ಅಲ್ಲಿಯವರ ಕಪಂಪಾಂಗನ್ ಮಾತಿಗೆ ಹಕಾರವೇ ಇಲ್ಲ. ಅವ್ವ ಸಾಯುವ ತನಕ ಅವನನ್ನು ಇಲಾರಿಯೋ ಎಂದೇ ಕರೆದಳು. ಹಾಲನ್ನು ಆಲು ಎನ್ನುವ ಹುಡುಗ ಪಟ್ಟಣದ ಶಾಲೆಗೆ ಸೇರಿದರೆ ಏನು ಪಾಡೋ, ಮನಿಲಾದ ಹಾಸ್ಟೆಲಿನಲ್ಲಿ ಅವನಿಗೂ ಅದೇ ಪಾಡಾಯಿತು. ಬಂದ ಹೊಸತರಲ್ಲಿ ಊಟದ ಮನೆಯಲ್ಲಿ ಮೊಟ್ಟೆ ಕೇಳಲು ಹೋಗಿ, ಬಾಯಿತಪ್ಪಿ ತನ್ನ ಮಾತಿನಲ್ಲಿ 'ಎಬುನ್' ಎಂದುಬಿಟ್ಟ. ಟಗಾಲಗಿನಲ್ಲಿ 'ಇಬೋನ್' ಎಂದರೆ ಹಕ್ಕಿ. ಮರುದಿನ ಅವನ ತಟ್ಟೆಯಲ್ಲಿ, ಅನ್ನದ ಮೇಲೆ, ಒಂದು ಸತ್ತ ಗುಬ್ಬಿ ಇತ್ತು. ಸುತ್ತ ಕೂತವರು, ನೀನೇ ಕೇಳಿದ್ದಲ್ಲ, ತಿನ್ನು ಎಂದರು.

ಅವತ್ತೇ ನಾಲಗೆ ಬದಲಾಯಿಸಿಕೊಳ್ಳುವ ಪಣ ತೊಟ್ಟ. ಇಲಾರಿಯೋ ಹಿಲಾರಿಯೋ ಆದ. ಟಗಾಲಗನ್ನು ಟಗಾಲಗಿನವರಿಗೇ ಕಲಿಸುವ ಕಾಲೇಜು ಮೇಷ್ಟ್ರಾದ. ಕೆನಡಾದ ಈ ಬಡಗಣ ತುದಿಗೆ ಬಂದು ಊರಾಡಳಿತದಲ್ಲಿ ಗುಮಾಸ್ತನಾಗುವ ಹೊತ್ತಿಗೆ ಅಪ್ಪಟ ಮನಿಲಾದವನಾಗಿದ್ದ, ಹೆಂಡತಿಯ ಪಾಲಿಗೂ. ಸುಳ್ಳು ಹೇಳಿದ್ದಲ್ಲ. ಯಾರೂ ಕೇಳಲಿಲ್ಲ, ಇವನು ತಿದ್ದಲಿಲ್ಲ, ಅಷ್ಟೆ.

ತಿಂಡಿಯ ನಡುವೆ ಫೋನು ಬಂತು. ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವ ಜೋವೆಲಿನ್; ಅವಳ ಮಕ್ಕಳು ಶನಿವಾರ ಇವನ ಟಗಾಲಗ್ ಪಾಠಕ್ಕೆ ಬರುತ್ತವೆ. ವಾರ್ಡಿನಲ್ಲಿರುವ ಫೆಲಿಸಿಯಾನಾ ಅಜ್ಜಿಯ ವಿಷಯ ಎಂದಳು. ಅಜ್ಜಿಗೆ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಗಿತ್ತು. ಎಚ್ಚರ ತಪ್ಪಿಲ್ಲ, ಬುದ್ಧಿ ನೆಟ್ಟಗಿದೆ, ಆದರೆ ಹೌದು ಅಲ್ಲ ಎಂದು ತಲೆಯಾಡಿಸುವುದೂ ಆಗದು, ಇಂಗ್ಲಿಷು ಹೋಯಿತು, ಬಾಯಲ್ಲಿ ಉಳಿದಿರುವುದು ಒಂದೇ ಮಾತು. ಇನ್ನೊಂದು ಆಪರೇಷನ್ನಿಗೆ ವಿಮಾನದಲ್ಲಿ ದಕ್ಷಿಣದ ದೊಡ್ಡಾಸ್ಪತ್ರೆಗೆ ಕಳಿಸುವುದೋ, ಇದ್ದಷ್ಟು ದಿನ ಮನೆಯಲ್ಲಿರಲೆಂದು ಬಿಡುವುದೋ ಇವತ್ತೇ ತೀರ್ಮಾನವಾಗಬೇಕು. ಮೊಮ್ಮಗಳು ಗಣಿಯ ಪಾಳಿಯಲ್ಲಿದ್ದಾಳೆ. ಅಜ್ಜಿ ಹೇಗೆ ಹೇಳ್ತಾರೋ ಹಾಗೆ ಮಾಡಿ ಎಂದಿದ್ದಾಳೆ.

"ಅಜ್ಜಿ ಏನಂತಾರೆ?" ಎಂದು ಹಿಲಾರಿಯೋ ಕೇಳಿದ.

"ಮುಲಿ ಅಂತಾರೆ ಸರ್. ನಾವೆಲ್ಲ ಮತ್ತೆ ಅನ್ನೋಕೆ 'ಉಲಿತ್' ಅಂತೀವಲ್ಲ, ಅಜ್ಜಿ ಪದ್ಯದ ಥರ 'ಮುಲಿ' ಅಂತಾರೆ ನೋಡಿ. ಮತ್ತೆ ಆಪರೇಷನ್ ಮಾಡಿ ಅಂತ ತಾನೇ? ಡಾಕ್ಟ್ರಿಗೆ ನನ್ನ ಮಾತು ಸಾಲದಂತೆ. ನೀವು ಬಂದು ಒಂದು ಮಾತು ಹೇಳಿ, ನೀವು ಪಂಡಿತರು."

ಅಜ್ಜಿಯ ಊರು ಯಾವುದೆಂದು ಕೇಳಿದ. ಅದೆಲ್ಲ ಯಾರಿಗೆ ಗೊತ್ತು ಸರ್, ನಮ್ಮೋರೇ ಅಲ್ವಾ, ಎಂದಳು ಜೋವೆಲಿನ್. ಹಿಲಾರಿಯೋ ತಟ್ಟೆ ಸರಿಸಿದ. ಕೈ ತೊಳೆಯುವಾಗ ನೀರು ತಣ್ಣಗಿದೆಯೋ ಬಿಸಿಯಿದೆಯೋ ಅವನಿಗೆ ತಿಳಿಯಲಿಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಅಜ್ಜಿ ಪುಟ್ಟಗೆ ಕಾಣುತ್ತಿದ್ದಳು. ಬೋಳಿಸಿದ ತಲೆಗೆ ಉಣ್ಣೆಯ ಟೋಪಿ ಹಾಕಿದ್ದರು. ಹಿಲಾರಿಯೋ ಟಗಾಲಗಿನಲ್ಲಿ ನಮಸ್ಕಾರ ಹೇಳಿದ. ಅಜ್ಜಿ ಅವನ ಕಣ್ಣು ನೋಡಲಿಲ್ಲ, ಬಾಯಿ ನೋಡಿದಳು. ಆಮೇಲೆ "ಮುಲಿ" ಎಂದಳು. ಸ್ವಲ್ಪ ತಡೆದು, ಮಗುವಿಗೆ ತಿಳಿಸಿ ಹೇಳುವವಳಂತೆ, ಮತ್ತೆ "ಮುಲಿ" ಎಂದಳು.

ಕತ್ತಲಾಗುವ ಹೊತ್ತಿಗೆ ಅವ್ವ ಗದ್ದೆಯ ಬದುವಿನ ಮೇಲೆ ನಿಂತು ಬಾತುಗಳನ್ನೂ ಅವನನ್ನೂ ಒಟ್ಟಿಗೇ ಕೂಗುತ್ತಿದ್ದದ್ದು ಇದೇ ಮಾತಿನಿಂದ. ಟಗಾಲಗಿನಲ್ಲಿ ಮುಲಿ ಎಂದರೆ ಮತ್ತೆ. ಕಪಂಪಾಂಗನ್‌ನಲ್ಲಿ ಮನೆಗೆ ಹೋಗುವುದು. ಅಜ್ಜಿ ಕೇಳುತ್ತಿರುವುದು ಮನೆಯನ್ನು.

"ಇದು ನಿಮ್ಮ ಭಾಷೆ ಅಲ್ವಾ?" ಡಾಕ್ಟರು ಕೇಳಿದಳು. ತರುಣಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ.

"ಹೌದು."

"ಏನು ಹೇಳ್ತಿದಾರೆ?"

ಜೋವೆಲಿನ್ ಬಾಗಿಲ ಹತ್ತಿರ ಹೆಮ್ಮೆಯಿಂದ ನಿಂತಿದ್ದಳು. ಇವಳು ಮಧ್ಯಾಹ್ನದ ಸಭೆಗೆ ಬರುತ್ತಾಳೆ, ನಿಜ ಹೇಳಿಬಿಟ್ಟರೆ ಇವಳ ಬಾಯಿ ಸುಮ್ಮನಿರುವುದಿಲ್ಲ. ಸರ್‌ಗೆ ಪಂಪಾಂಗದ ಮಾತೂ ಬರುತ್ತದೆ ಕಣ್ರೇ, ಎಲ್ಲಿ ಕಲಿತರೋ, ಎನ್ನುತ್ತಾಳೆ. ಯಾರೋ ಒಬ್ಬ ನಗುತ್ತಾನೆ: ಓ, ಸರ್ ಹಕಾರ ನುಂಗೋ ಊರಿನೋರಾ? ಅಷ್ಟೇ. ಇನ್ನೇನೂ ಆಗುವುದಿಲ್ಲ. ಅಷ್ಟಕ್ಕೇ ಹೆದರಿ ಅವನು ಡಾಕ್ಟರ ಕಡೆ ತಿರುಗಿದ.

"ಮತ್ತೆ ಅಂತ," ಎಂದ.

"ಮತ್ತೆ ಆಪರೇಷನ್ ಆಗಲಿ ಅಂತಲಾ?"

"ಮತ್ತೆ ಅಂದರೆ... ಮತ್ತೆ."

"ಸರಿ. ಸಂಜೆಯ ವಿಮಾನಕ್ಕೆ ಕಳಿಸ್ತೀವಿ," ಎಂದು ಡಾಕ್ಟರು ಅಜ್ಜಿಯ ಕೈ ತಟ್ಟಿದಳು. ಅಜ್ಜಿ ಹಿಲಾರಿಯೋನ ಬಾಯಿಯನ್ನು ನೋಡುತ್ತಲೇ ಇದ್ದಳು.

ಮೆಟ್ಟಿಲು ಇಳಿಯುವಾಗ ಅವನಿಗೆ ಸುಲಭದ ದಾರಿಗಳು ಹೊಳೆದವು. ಮನಿಲಾದಲ್ಲಿ ಪಕ್ಕದ ಮನೆಯವರು ಪಂಪಾಂಗದವರು, ಎರಡು ಮಾತು ಕೇಳಿ ಬಲ್ಲೆ ಎನ್ನಬಹುದಿತ್ತು. ಭಾಷೆ ಕಲಿಸುವವನಿಗೆ ನಾಲ್ಕು ಭಾಷೆಯ ಪದ ಗೊತ್ತಿದ್ದರೆ ಯಾರು ಕೇಳುತ್ತಾರೆ? ಸತ್ಯವನ್ನೂ ಒಂದು ಸಣ್ಣ ಸುಳ್ಳಿನಲ್ಲಿ ಸುತ್ತಿ ಕೊಡಬಹುದಿತ್ತು. ಬುದ್ಧಿ ಯಾವಾಗಲೂ ಮೆಟ್ಟಿಲಿಳಿದ ಮೇಲೇ ಬರುತ್ತದೆ. ಮೇಲೆ ಹೋಗೋಣವೆಂದು ನಿಂತ. ಅಷ್ಟರಲ್ಲಿ ಭವನದಿಂದ ಫೋನು: ಸರ್, ಎಲ್ಲಿದೀರಿ, ಜನ ತುಂಬಿ ಹೋಗಿದಾರೆ.

ಸಭೆ ಅವನು ಕನಸಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಇದನ್ನು ಒಪ್ಪಲೇಬೇಕು. ಹೊರಗೆ ಹೆಪ್ಪುಗಟ್ಟಿದ ಕೆರೆಯ ಮೇಲಿಂದ ಗಾಳಿ ಚರ್ಮ ಸುಲಿಯುವಂತೆ ಬೀಸುತ್ತಿದ್ದರೂ, ಪಾಳಿ ಮುಗಿಸಿದವರು, ಪಾಳಿ ತಪ್ಪಿಸಿದವರು, ಕೂಸುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡವರು ಎಲ್ಲ ಬಂದಿದ್ದರು. ಉದ್ದದ ಮೇಜಿನ ಮೇಲೆ ಪನ್ಸಿತ್ ಶ್ಯಾವಿಗೆಯ ಗುಡ್ಡೆ, ಹುಳಿಗೆ ಬೆಂದ ಅಡೋಬೋ ಮಾಂಸ, ಇಡಿಯಾಗಿ ಸುಟ್ಟ ಹಂದಿ. ದೆನೆ ಹಿರಿಯರೊಬ್ಬರು ತಮ್ಮ ಮಾತಿನಲ್ಲಿ ಹರಸಿದರು. ಊರಿನ ಅಧ್ಯಕ್ಷೆ ಹಗ್ಗ ಎಳೆದಳು, ಪರದೆ ಜಾರಿತು.

ಹಿಲಾರಿಯೋ ಮೈಕಿನ ಮುಂದೆ ನಿಂತ. "ಮಬುಹಾಯ್."

ಹಕಾರ ಮನೆಯಲ್ಲಿ ಬಂದದ್ದಕ್ಕಿಂತ ದುಂಡಾಗಿ, ತುಂಬಿಕೊಂಡು ಬಂತು. ಆಮೇಲೆ ಇಡೀ ಭವನ ಅದೇ ಮಾತನ್ನು ತಿರುಗಿ ಅವನಿಗೆ ಕೂಗಿತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಒಬ್ಬ ದಪ್ಪನೆಯ ಹೆಂಗಸು ಗೋಡೆಯ ಅಕ್ಷರ ಮುಟ್ಟಿ ಮುಟ್ಟಿ ಅಳುತ್ತಿದ್ದಳು. ಇಷ್ಟು ವರ್ಷ ಈ ಗೋಡೆಯ ಕೆಳಗಿನ ನೆಲ ಒರೆಸಿದ್ದೇನೆ ಸರ್, ಇವತ್ತು ತಲೆ ಎತ್ತಿ ನೋಡಿದೆ, ಎಂದಳು. ಹಿಲಾರಿಯೋಗೆ ನಿಜವಾಗಿಯೂ ಸಂತೋಷವಾಯಿತು, ಕಣ್ಣು ತುಂಬಿತು. ತನ್ನದಲ್ಲದ ಮನೆಯ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನ ಸಂತೋಷ ಅದು, ಆದರೂ ಸಂತೋಷವೇ.

ತಾಯ್ನುಡಿಯನ್ನು ಗೋಡೆಯ ಮೇಲೆ ಕಂಡಾಗ ಏನನ್ನಿಸಿತು ಎಂದು ರೇಡಿಯೋದ ಹುಡುಗಿ ಕೇಳಿದಳು. ಅವ್ವನ ದನಿ ಕೇಳಿದ ಹಾಗಾಯಿತು ಎಂದ. ಸಲೀಸಾಗಿ ಬಂತು. ಲುಜ್‌ವಿಮಿಂಡಾ ಪಕ್ಕದಲ್ಲೇ ನಿಂತಿದ್ದಳು. ಅವಳು ಗಂಡನ ಮುಖವನ್ನೇ ನೋಡಿದಳು.

"ನಿಮ್ಮಮ್ಮನ ಮಾತು ನನ್ನ ಹತ್ರ ಒಂದಿನಾನೂ ಆಡಿಲ್ಲ ನೀವು."

"ಈಗ ಬೇಡ, ಲುಜ್."

"ಬೇಡ ಅಂದ್ರೆ ಬೇಡ. ಶ್ಯಾವಿಗೆ ಹಾಕ್ಲಾ?"

ಜೋವೆಲಿನ್ ತಟ್ಟೆ ಹಿಡಿದುಕೊಂಡೇ ನಿಂತು ಗಬಗಬ ತಿನ್ನುತ್ತಿದ್ದಳು. ಆಂಬುಲೆನ್ಸ್ ಬರುವ ಹೊತ್ತಾಯಿತು, ಅಜ್ಜಿಯನ್ನು ಹತ್ತಿಸಬೇಕು ಎಂದಳು. ಅಜ್ಜಿ ಬೆಳಗಿನಿಂದ ನೀರೂ ಮುಟ್ಟಿಲ್ಲ, ಕಣ್ಣೀರು ಹಾಕುತ್ತಿದ್ದಾರೆ, ಖುಷಿಗೇ ಇರಬೇಕು ಎಂದೂ ಹೇಳಿದಳು. ಹಿಲಾರಿಯೋ ಕೋಟು ಹುಡುಕಿ ಹಾಕಿಕೊಂಡ. ಕರೋಕೆ ಹಾಡು ಶುರುವಾಗಿತ್ತು. ಸರ್ ಹಾಡಬೇಕು ಎಂದು ಹುಡುಗರು ತೋಳು ಹಿಡಿದರು, ಬಿಡಿಸಿಕೊಂಡ.

ದಾರಿಯುದ್ದಕ್ಕೂ ಅವನ ಮನಸ್ಸು ಹಗುರವಾಗುತ್ತಾ ಬಂತು. ಹೇಳಿಬಿಡುತ್ತೇನೆ. ಮೊದಲು ಅಜ್ಜಿಗೆ, ಅವಳ ಮಾತಿನಲ್ಲೇ, ಆಮೇಲೆ ಡಾಕ್ಟರಿಗೆ. ಇವತ್ತು ಗೆದ್ದವನು ಒಂದು ಸೋಲಿಗೆ ಹೆದರುವುದೇನು? ಯಾರಾದರೂ ನಕ್ಕರೆ ತಾನೂ ನಕ್ಕರಾಯಿತು. ಹಾಗೆಂದುಕೊಂಡಾಗ ಎಳೆಹುಡುಗನಂತೆ ಎದೆ ಹೊಡೆದುಕೊಂಡಿತು. ಇಪ್ಪತ್ತಾರು ವರ್ಷದ ಹೊರೆ ಇಳಿಸುವ ಜಾಗ ಈ ಆಸ್ಪತ್ರೆಯ ಮೊಗಸಾಲೆಯೇ ಆಗಬೇಕೆ ಎಂದು ನಗುವೂ ಬಂತು.

ಅಜ್ಜಿಯನ್ನು ಆಗಲೇ ಗಾಲಿಯ ಮಂಚದಲ್ಲಿ ಬಾಗಿಲ ತನಕ ತಂದಿದ್ದರು. ಕೊರಳ ತನಕ ಕಂಬಳಿ ಹೊದಿಸಿ ಪಟ್ಟಿ ಬಿಗಿದಿದ್ದರು. ಹಿಲಾರಿಯೋ ಬಗ್ಗಿದ. ಅವನ ಮಾತಿನಲ್ಲಿ ಅಜ್ಜಿಗೆ ಅಪು ಎನ್ನುತ್ತಾರೆ. ಅಪು, ಮನೆಗೆ ಹೋಗೋಣ, ಇಷ್ಟೇ ಹೇಳಬೇಕಾದದ್ದು.

"ಹಪು," ಎಂದ.

ತಿದ್ದಿಕೊಳ್ಳಲು ನೋಡಿದ. ತುಟಿ ಅಗಲಿಸಿ, ಎದೆ ಬಿಗಿಹಿಡಿದು, ಮೆಲ್ಲಗೆ ಶುರುಮಾಡಿದ. "ಹಪು." ಬರಿಯ ಅಕಾರಕ್ಕೆ ಬಾಯಿ ತೆರೆಯುತ್ತಿತ್ತು, ಮುಂದೆ ಹಕಾರ ಬಂದು ನಿಲ್ಲುತ್ತಿತ್ತು. ಅದರ ಬೆನ್ನಿಗೇ 'ಮುಲಿ' ಎಂದ. ಅದೂ ಪಾಠ ಹೇಳುವ ದನಿಯಲ್ಲಿ, ಮನಿಲಾದ ಏರಿಳಿತದಲ್ಲಿ, ಮತ್ತೆ ಎಂಬ ಅರ್ಥ ಹೊತ್ತುಕೊಂಡೇ ಬಂತು.

ಅಜ್ಜಿ ಅವನ ಬಾಯಿಯನ್ನು ಬಹಳ ಹೊತ್ತು ನೋಡಿದಳು. ಹಣೆಯಲ್ಲಿ ಗೆರೆ ಮೂಡಿತು. ಬೇರೆ ಮಾತು ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಆ ಬಾಯಿ ಅಲುಗಿತು.

"ಟಗಾಲುಗ್," ಎಂದಳು. ತನ್ನವನಲ್ಲದವನನ್ನು ಗುರುತಿಸಿ, ಅಷ್ಟೇ ಹೇಳಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಜೋವೆಲಿನ್‌ಗೆ ಆನಂದ ತಡೆಯಲಾಗಲಿಲ್ಲ. "ಹೊಸ ಮಾತು ಬಂತು ಸರ್, ಕೇಳಿದ್ರಾ? ಟಗಾಲಗ್ ಅಂದ್ರು. ಹೌದಜ್ಜಿ, ನಮ್ಮ ಭಾಷೆ ಇವತ್ತು ಗೋಡೆ ಹತ್ತಿತು. ಅಜ್ಜಿಗೂ ತಿಳೀತು ನೋಡಿ."

ಡಾಕ್ಟರೂ ನಕ್ಕಳು, ಒಳ್ಳೆಯ ಲಕ್ಷಣ ಎಂದಳು. ಹಿಲಾರಿಯೋನ ಕಡೆ ತಿರುಗಿ, ಇನ್ನೇನಾದರೂ ಹೇಳುವುದಿದೆಯೆ ಎಂದು ಕೇಳಿದಳು. ಅವನು ಬಾಯಿ ತೆರೆದ. ಏನು ಹೊರಬೀಳುವುದೋ ಎಂಬ ಹೆದರಿಕೆಗೆ ಮುಚ್ಚಿದ. ಗಾಲಿಗಳು ಹೊಸಿಲು ದಾಟಿದವು.

ಈ ಸೀಮೆಯ ಚಳಿಗಾಲದಲ್ಲಿ ಎಂದಿನಂತೆ, ಮಧ್ಯಾಹ್ನ ಮುಗಿಯುವ ಮೊದಲೇ ಹೊರಗೆ ಕತ್ತಲಾಗಿತ್ತು. ಆಂಬುಲೆನ್ಸಿನ ಬಾಗಿಲು ಬಿತ್ತು, ಗಾಡಿ ಹಿಮದ ಮೇಲೆ ಕಿರುಗುಟ್ಟುತ್ತಾ ಹೊರಟಿತು. ಅವನು ಟೋಪಿಯಿಲ್ಲದೆ, ಕೈಗವಸಿಲ್ಲದೆ ಅದರ ಹಿಂದೆ ಓಡಿದ. ಓಡುತ್ತಾ ಕೂಗಿದ, ಬಾಯಿಗೆ ಬಂದ ಭಾಷೆಯಲ್ಲೆಲ್ಲ ಕೂಗಿದ. ಕೂಗಿದ್ದೆಲ್ಲ ಆ ಚಳಿಗೆ ಬಿಳಿಯ ಉಸಿರಾಗಿ ಮುಖದ ಮುಂದೆಯೇ ಕಟ್ಟಿಕೊಂಡಿತು. ಅದರಾಚೆ ಎಲ್ಲೋ ಗಾಡಿಯ ಕೆಂಪು ದೀಪಗಳು ಹೊತ್ತಿಕೊಂಡವು. ಯಾರೋ ಕೇಳಿಸಿಕೊಂಡು ನಿಲ್ಲಿಸಿದರೋ, ತಿರುವು ಬಂತೆಂದು ನಿಧಾನಿಸಿದರೋ ತಿಳಿಯಲಿಲ್ಲ. ನೋಡಬೇಕೆಂದರೆ ಅವನು ಬಾಯಿ ಮುಚ್ಚಬೇಕಾಗಿತ್ತು. ಅವನು ಕೂಗುತ್ತಲೇ ಇದ್ದ, ಉಸಿರು ದಟ್ಟವಾಗುತ್ತಲೇ ಇತ್ತು, ಕೆಂಪು ಬೆಳಕು ಅದರೊಳಗೆ ಕರಗಿ ಸುತ್ತೆಲ್ಲ ಬರಿಯ ಹಕಾರವಾಯಿತು.