ಮೂರು ವರ್ಷದ ಷರತ್ತು

ತಮ್ಮ ಫ್ಯಾಕ್ಟರಿಗೆ ಬೆಲೆ ಕಟ್ಟಲು ಬಂದ ಹುಡುಗಿ ಕನ್ನಡದವಳು ಎಂದು ತಿಳಿದಾಗ ಪದ್ಮಾಳಿಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಬೇರೆಯವರೆದುರು ಮುಚ್ಚಿಡುವುದು ಸುಲಭ. ನಮ್ಮವರು ಮುಖ ನೋಡಿಯೇ ಹಿಡಿದುಬಿಡುತ್ತಾರೆ.

ಗಂಡ ಏಕನಾಥನ ಹೊಟ್ಟೆಯೊಳಗೆ ಕ್ಯಾನ್ಸರು. ದೀಪಾವಳಿ ದಾಟಿದರೆ ಹೆಚ್ಚು ಎಂದಿದ್ದರು ಡಾಕ್ಟರು. ಗಂಡ ಹೆಂಡತಿಯನ್ನು ಬಿಟ್ಟರೆ ದಿಲ್ಲಿ ಹತ್ತಿರದ ಈ ಮಾನೇಸರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. "ಮಾರಾಟ ಮುಗಿಯೋವರೆಗೆ ಬಾಯಿ ಬಿಡಬೇಡ. ಅರವತ್ತು ಜನರ ಅನ್ನ ಕಣೇ," ಎಂದು ಬೆಳಿಗ್ಗೆ ಅವನು ಆಣೆ ಮಾಡಿಸಿದ್ದ.

ಹೊರಗೆ ಪ್ರೆಸ್ ಮೆಷಿನ್ನುಗಳು ಕಾರಿನ ಬ್ರೇಕಿಗೆ ತಗಡು ಹೊಡೆಯುತ್ತಿದ್ದವು. ಕೊಳ್ಳಲಿರುವ ಪುಣೆಯ ಕಂಪನಿಯ ಪರವಾಗಿ ಬಂದಿದ್ದ ಹರಿಣಿ ಆಫೀಸಿನಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು.

"ಅಂಕಲ್, ಬೆಲೆ ಕಟ್ಟೋಕೆ ತೀನ್ ತರೀಕೆ ಇದೆ. ಒಂದು, ಜಮೀನು, ಮೆಷಿನ್ ಮಾರಿದ್ರೆ ಎಷ್ಟು ಬರುತ್ತೆ ಅಂತ. ಎರಡು, ಇಂಥದೇ ಫ್ಯಾಕ್ಟರಿ ಬೇರೆ ಕಡೆ ಎಷ್ಟಕ್ಕೆ ಹೋಯ್ತು ಅಂತ. ಮೂರು, ಮುಂದೆ ಬರೋ ಲಾಭಕ್ಕೆ ಇವತ್ತೇ ಬೆಲೆ ಹಾಕೋದು. ನಿಮಗೆ ಮೂರನೇದೇ ಬೆಸ್ಟ್."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ!" ಏಕನಾಥ ನಕ್ಕ.

"ಕುಲಾವಿ ಮತ್ಲಬ್?"

"ಟೋಪಿ ಕಣಮ್ಮ."

ಹರಿಣಿಯೂ ನಕ್ಕಳು. "ಆದ್ರೆ ಒಂದು ಷರತ್ತು. ಕಾರ್ ಕಂಪನಿ ಆರ್ಡರ್ ಕೊಡೋದು ನಿಮ್ಮ ಮುಖ ನೋಡಿ. ಸೋ, ಮೂರು ವರ್ಷ ನೀವೇ ಇಲ್ಲಿರಬೇಕು. ನೀವಿಲ್ಲ ಅಂದ್ರೆ ಆ ಲೆಕ್ಕ ನಿಲ್ಲಲ್ಲ. ಜಮೀನು, ಮೆಷಿನ್ನಿನ ಬೆಲೆ ಅಷ್ಟೇ. ಗೇಟ್ ಬಂದ್, ಮೆಷಿನ್ ಪುಣೆಗೆ."

"ಮೂರೇನು, ಮೂವತ್ತು ಅಂತ ಬರ್ಕೋ."

ಹಾಗೆನ್ನುವಾಗಲೇ ಮೇಜಿನ ಕೆಳಗೆ ಅವನ ಕೈ ಹೊಟ್ಟೆಯನ್ನು ಅದುಮುತ್ತಿತ್ತು. ಪದ್ಮಾ ಅದನ್ನು ಕಂಡಳು. ಉಳಿದ ನಾಲ್ಕು ದಿನವನ್ನೂ ಇವನು ನೋವಿನ ಮಾತ್ರೆ ನುಂಗಿ, ಗಟ್ಟಿಯಾಗಿದ್ದೇನೆಂದು ತೋರಿಸುತ್ತ ಈ ಮೆಷಿನ್ನುಗಳ ನಡುವೆಯೇ ಕಳೆಯುತ್ತಾನೆ. ಇವನು ಬಿದ್ದ ಮೇಲೆ ಪುಣೆಯವರು ಹೇಗೂ ಗೇಟು ಮುಚ್ಚುತ್ತಾರೆ. ಆಗ ಆ ಅರವತ್ತು ಜನರ ಪರವಾಗಿ ಕೇಳುವವರೂ ಇರುವುದಿಲ್ಲ.

"ಅಂಕಲ್ ತುಂಬಾ ಸಣ್ಣಗಾಗಿದಾರೆ ಅಲ್ವಾ ಆಂಟಿ? ತಬಿಯತ್ ಠೀಕ್ ಹೈ ನಾ?"

"ಶುಗರ್ರು," ಎಂದ ಏಕನಾಥ. "ಇವಳು ಅನ್ನಕ್ಕೇ ಕತ್ತರಿ ಹಾಕಿದಾಳೆ."

"ಸುಳ್ಳು," ಎಂದಳು ಪದ್ಮಾ. "ಕ್ಯಾನ್ಸರಮ್ಮ. ಮೂರು ವರ್ಷ ಇಲ್ಲ. ಮೂರು ತಿಂಗಳೂ ಹೇಳೋಕಾಗಲ್ಲ."

ಏಕನಾಥ ಹೆಂಡತಿಯ ಕಡೆ ತಿರುಗಲೂ ಇಲ್ಲ. ಹರಿಣಿಯ ಕಣ್ಣು ತುಂಬಿತು. ಸಾರಿ ಆಂಟಿ ಎಂದು ಪದ್ಮಾಳ ಕೈ ಹಿಡಿದುಕೊಂಡಳು. ಒಳ್ಳೆಯ ಹುಡುಗಿಯೇ. ಆದರೂ ಮರುವಾರ ಅವಳು ಕಳಿಸಿದ್ದು ಜಮೀನು, ಮೆಷಿನ್ನಿನ ಬೆಲೆಯನ್ನೇ.

"ಜಮೀನಿನ ದುಡ್ಡಲ್ಲಿ ಎಲ್ಲರಿಗೂ ಒಂದು ವರ್ಷದ ಸಂಬಳ ಕೊಡೋಣ ರೀ," ಎಂದಳು ಪದ್ಮಾ.

"ಕೊಡು. ವರ್ಷ ಆದ ಮೇಲೆ?"

ಪದ್ಮಾ ರಾತ್ರಿಯ ಮಾತ್ರೆ, ನೀರು ತಂದು ಅವನ ಮಂಚದ ಪಕ್ಕ ಇಟ್ಟಳು.

"ನಾಳೆ ಕೆಲಸದವರಿಗೆ ನೀನೇ ಹೇಳು," ಎಂದು ಅವನು ಗೋಡೆಯ ಕಡೆ ಹೊರಳಿದ.

ಬೆಳಿಗ್ಗೆ ಅವನೂ ಬಂದ, ಆದರೆ ಕಾರಿನಿಂದ ಇಳಿಯಲಿಲ್ಲ. ಪದ್ಮಾ ಒಬ್ಬಳೇ ಒಳಗೆ ನಡೆದಳು. ಫೋರ್‌ಮನ್ ಸತ್ಬೀರ್ ಎದುರು ಬಂದು, "ಭಾಭೀಜಿ, ಸೌದಾ ಹೋ ಗಯಾ? ಮಿಠಾಯಿ ಕಹಾಂ ಹೈ?" ಎಂದು ಮಾರಾಟ ಕುದುರಿದ ಸಿಹಿ ಕೇಳುತ್ತ ಬಾಯ್ತುಂಬ ನಕ್ಕ.

"ಮೆಷಿನ್ ಬಂದ್ ಕರಾವೋ, ಭಯ್ಯಾ," ಎಂದಳು ಪದ್ಮಾ. "ಸಬ್ ಕೋ ಬುಲಾವೋ."

ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಜನ ಕೈ ಒರೆಸಿಕೊಳ್ಳುತ್ತ, ನಗುನಗುತ್ತಲೇ ಬಂದು ಅವಳ ಸುತ್ತ ನೆರೆದರು.