ತಿಗರಿ ಕಾಣದ ಗಡಿಗೆ

ಹೂವಿನ ಕುಂಡದ ತಳದಲ್ಲಿದ್ದ ತೂತಿಗೆ ರುದ್ರೇಶ ಪ್ಲಾಸ್ಟಿಕ್ ಟೇಪು ಅಂಟಿಸುತ್ತಿದ್ದ. ಒಂದು ಪಟ್ಟಿ ನಿಲ್ಲಲಿಲ್ಲವೆಂದು ಇನ್ನೊಂದು, ಅದರ ಮೇಲೆ ಮತ್ತೊಂದು. ಲಂಡನ್ನಿನ ಹೌನ್ಸ್ಲೋದ ಆ ಮನೆಯ ಪುಟ್ಟ ಹಿತ್ತಲಲ್ಲಿ ಅವನ ಅಪ್ಪ ಮಲ್ಲಪ್ಪ ಕುಂಬಾರ ಪೆಟ್ಟಿಗೆಯೊಳಗೆ ಮಲಗಿದ್ದ. ಹನ್ನೆರಡೂವರೆಗೆ ಚಿತಾಗಾರದಲ್ಲಿ ಸರದಿ. ಹೆಣದ ಗಾಡಿಯವನು ಗೇಟಿನ ಬಳಿ ನಿಂತು, ಮರ್ಯಾದೆಯಿಂದಲೇ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

“ಏನೋ ಅದು?” ಎಂದಳು ತಾಯಿ ನೀಲವ್ವ.

“ಗಡಿಗಿ, ಅವ್ವಾ. ಗಾರ್ಡನ್ ಸೆಂಟರ್‌ನಾಗ ಇದ ಸಿಕ್ತು. ನೀರು ಸೋರಬಾರ್ದಂತ ಟೇಪ್ ಹಚ್ಚಾಕತ್ತೇನಿ.”

ನೀರು ತುಂಬಿದ ಗಡಿಗೆ ಹೊತ್ತು ಮಗ ಹೆಣಕ್ಕೆ ಮೂರು ಸುತ್ತು ಬರಬೇಕು. ಸುತ್ತಿಗೊಂದರಂತೆ ಹಿರಿಯರೊಬ್ಬರು ಅದಕ್ಕೆ ಕಲ್ಲಿನಿಂದ ತೂತು ಹಾಕಬೇಕು. ಕೊನೆಗೆ ಅವನು ಗಡಿಗೆಯನ್ನು ಬೆನ್ನ ಹಿಂದೆ ಒಡೆದು, ತಿರುಗಿ ನೋಡದೆ ನಡೆಯಬೇಕು. ತೂತಿದ್ದದ್ದನ್ನೇ ತಂದು, ಅದನ್ನು ಮುಚ್ಚಿ, ಮತ್ತೆ ತೂತು ಹಾಕಿಸುವ ಬುದ್ಧಿ ಇವನೊಬ್ಬನಿಗೇ ಹೊಳೆಯಬೇಕು.

ಪಕ್ಕದ ಮನೆಯ ಮೈಸೂರಿನ ಡಾಕ್ಟರ್ ಮುಕುಂದ ಕುಂಡವನ್ನು ಬೆರಳಿನಿಂದ ತಟ್ಟಿ ನೋಡಿದರು. “ತುಂಬಾ ದಪ್ಪ ಇದೆ ಕಣಪ್ಪ. ಕಲ್ಲಿಗೆ ಜಗ್ಗಲ್ಲ.”

“ಕುಂಬಾರ ಮನುಷ್ಯಾಗ ಮಶೀನಿನ ಕುಂಡಾ ತಂದಿಯಲ್ಲೋ!” ನೀಲವ್ವನ ದನಿ ಒಡೆಯಿತು.

“ಮತ್ತೇನ್ ಮಾಡ್ಲಿ? ಹೌನ್ಸ್ಲೋದಾಗ ಕುಂಬಾರ್ರು ಎಲ್ಲಿ ಅದಾರ ಅವ್ವಾ?”

ನೀಲವ್ವನ ಕಣ್ಣು ಅಡುಗೆಮನೆಯ ಕಿಟಕಿಗೆ ಹೋಯಿತು. ಅಲ್ಲಿ ಸೌಟು, ಲಟ್ಟಣಿಗೆ ತುಂಬಿಕೊಂಡು ಕಪ್ಪು ಗಡಿಗೆಯೊಂದು ಕೂತಿತ್ತು. ಅದನ್ನು ಕೊಟ್ಟರೆ ಮಲ್ಲಪ್ಪ ಪೂರ್ತಿ ಹೋದ ಹಾಗೆ. ಕೊಡದಿದ್ದರೆ ಅವನು ಕುಂಬಾರನಾಗಿ ಹೋಗುವುದಿಲ್ಲ.

*

ತೊಂಬತ್ತನಾಲ್ಕನೆಯ ಇಸವಿಯಲ್ಲಿ, ದುಡಿಯುತ್ತಿದ್ದ ಗ್ರೀನ್‌ಫರ್ಡಿನ ಗೋದಾಮು ಮುಚ್ಚಿದಾಗ ಮಲ್ಲಪ್ಪನಿಗೆ ಸಿಕ್ಕದ್ದು ಬೋಕಿ ತೊಳೆಯುವ ಕೆಲಸ. ಹಳೆಯ ರೋಮನ್ ರಸ್ತೆಯ ಮಗ್ಗುಲಲ್ಲಿ ಹೊಸ ಕಟ್ಟಡ ಏಳುವ ಮೊದಲು ನೆಲ ಅಗೆದು ನೋಡುವವರಿದ್ದರು. ಅವರು ತೆಗೆದ ಗಡಿಗೆಯ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಳಮೈ ಕೆಳಗೆ ಮಾಡಿ ಪೇಪರಿನ ಮೇಲೆ ಒಣಗಿಸಬೇಕು. ವಿಜಯಪುರದ ಕಡೆಯ ಕುಂಬಾರ ಏಳು ಸಮುದ್ರ ದಾಟಿ ಬಂದು ಪರರ ಬೋಕಿ ತೊಳೆಯುತ್ತಾನೆಂದು ನೀಲವ್ವ ಮೊದಮೊದಲು ಯಾರಿಗೂ ಹೇಳಲಿಲ್ಲ.

ಅವನಿಗೋ ಹಬ್ಬ. ಒಂದು ಸಂಜೆ ಚಹಾ ಆರುವುದನ್ನೂ ಮರೆತು ಹೇಳತೊಡಗಿದ.

“ತಳದ ಮಣ್ಣಾಗ ಸಿಗ್ತಾವಲ್ಲ, ಅವು ತಿಗರಿ ಕಂಡಿಲ್ಲ. ಬರೇ ಕೈಯಾಗ ತಟ್ಟಿದ್ದು. ಒಳಗ ಹೆಬ್ಬೆರಳಿನ ಗುರ್ತ ಇರ್ತಾವು, ಸಣ್ಣವು. ಹೆಂಗಸರವ, ನಂಗ ಗೊತ್ತಾಗ್ತೈತಿ. ಮ್ಯಾಲಿನ ಮಣ್ಣಾಗ ರೋಮನ್ನರದು. ತಿಗರಿ ತಿರುಗಿಸಿ ತಗದದ್ದು, ನೂರು ನೋಡಿದ್ರೂ ಒಂದ ನಮೂನಿ.”

“ಹಂಗಾರ ಆ ಹೆಂಗಸರು ಏನಾದ್ರು?” ಎಂದಳು ನೀಲವ್ವ.

“ಅವರನ್ನ ಯಾರೂ ಹೊಡದು ಓಡಸ್ಲಿಲ್ಲ. ದಂಡು ಬಂತು, ರಸ್ತಾ ಬಂತು, ಪ್ಯಾಟಿ ಬಂತು. ಪ್ಯಾಟ್ಯಾಗ ಸೋವಿ ಗಡಿಗಿ ಸಿಕ್ಕಮ್ಯಾಲ ಇವರ ಗಡಿಗಿ ಯಾರು ಕೇಳ್ತಾರ? ನಮ್ಮೂರಿಗೆ ಜರ್ಮನ್ ಬೋಗಾಣಿ, ಅದ ಅಲ್ಯುಮಿನಿಯಂದು, ಬಂದಾಗ ನಮ್ಮಪ್ಪನ ತಿಗರಿ ನಿಂತ್ಹಂಗ.”

ಅಗೆದವರು ಇದನ್ನೆಲ್ಲ ಒಪ್ಪಿದರೋ ಬಿಟ್ಟರೋ, ಮಲ್ಲಪ್ಪ ಮರುದಿನ ಒಂದು ಚೀಲ ಮಣ್ಣು ಹೊತ್ತು ತಂದ. “ನೀ ಮಾಡು,” ಎಂದ. ಕುಂಬಾರರ ಮನೆಯಲ್ಲಿ ಹುಟ್ಟಿ, ಕುಂಬಾರರ ಮನೆ ಸೇರಿದ್ದರೂ ನೀಲವ್ವ ತಿಗರಿ ಮುಟ್ಟಿದವಳಲ್ಲ, ಹೆಂಗಸರು ಮುಟ್ಟಬಾರದು. “ತಿಗರಿ ಎಲ್ಲೈತಿ ಇಲ್ಲಿ, ಮುಟ್ಟಾಕ?” ಎಂದು ಅವನು ನಕ್ಕ. ಅವಳು ಒಳಗಿನಿಂದ ಹೆಬ್ಬೆರಳು ಒತ್ತಿದಳು, ಅವನು ಹೊರಗಿನಿಂದ ಆನಿಸಿ ಹಿಡಿದ. ಹಿತ್ತಲಲ್ಲಿ ತಗಡಿನ ಡ್ರಮ್ಮಿಗೆ ಹೊಟ್ಟು ತುಂಬಿ ಗಡಿಗೆಯನ್ನು ಕಪ್ಪಗೆ ಸುಟ್ಟರು. ಹೊಗೆ ನೋಡಿ ಓಡಿ ಬಂದ ಮುಕುಂದರಿಗೆ ಬಿಸಿ ಭಜಿ ಕೊಟ್ಟು ಸಮಾಧಾನ ಮಾಡಬೇಕಾಯಿತು.

*

ನೀಲವ್ವ ಸೌಟುಗಳನ್ನು ತೆಗೆದಿಟ್ಟು, ಗಡಿಗೆಗೆ ನೀರು ತುಂಬಿ ತಂದಳು.

“ಅಮ್ಮಾ, ಇದು ಬೇಡ,” ಎಂದರು ಮುಕುಂದ. “ನೀವಿಬ್ಬರೂ ಸೇರಿ ಮಾಡಿದ್ದಲ್ವಾ? ಕುಂಡಾನೇ ಹೇಗೋ ಒಡೆಯೋಣ.”

“ಗಡಿಗಿ ಇರೂದು ಒಡಿಯಾಕರೀ, ಡಾಕ್ಟ್ರೇ. ಹೊರು ರುದ್ರಾ.”

ರುದ್ರೇಶ ಹೆಗಲಿಗೇರಿಸಿದ. ಮುಕುಂದರ ಕಲ್ಲು ಮೆಲ್ಲಗೆ ತಾಗಿದ್ದೇ ತಡ, ತೂತು ಬಿತ್ತು. ನೀರು ಅವನ ಹೊಸ ಕೋಟಿನ ಮೇಲೆ ಹರಿಯಿತು. ಮೂರನೆಯ ಸುತ್ತು ಮುಗಿದಾಗ ಅವನು ಕೈ ಬಿಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಗ ತಿರುಗಿ ನೋಡದೆ ಗೇಟಿನತ್ತ ನಡೆದ. ನೀಲವ್ವ ಒಮ್ಮೆ ನೋಡಿದಳು, ಆಮೇಲೆ ಪೆಟ್ಟಿಗೆಯ ಹಿಂದೆ ಹೊರಟಳು.

ನಾಲ್ಕು ಗಂಟೆಗೆ ಹಿಂದಿರುಗಿ, ಮಿಂದು, ಅವಳು ಹೊರಬಂದಾಗ ರುದ್ರೇಶ ಚೂರುಗಳನ್ನು ಗುಡಿಸಿ ಕೌನ್ಸಿಲ್ ಬಿನ್ನಿನ ಮುಚ್ಚಳ ಎತ್ತಿದ್ದ.

“ತಡಿ.”

“ಅವ್ವಾ, ಒಡದದ್ದು ಒಳಗ ತರಬಾರ್ದಂತ ನೀನ ಹೇಳಿದ್ಯಲ್ಲ.”

“ಒಳಗ ಯಾರು ತರ್ತಾರ?”

ಹಿತ್ತಲ ನಲ್ಲಿಯ ಬಳಿ ಅವಳು ಕುಕ್ಕುರುಗಾಲಿನಲ್ಲಿ ಕೂತಳು. ಮಲ್ಲಪ್ಪನ ಹಳೆಯ ಬ್ರಷ್ಷು ಕಿಟಕಿಯ ಹೊರಗಟ್ಟೆಯ ಮೇಲೆಯೇ ಇತ್ತು. ಒಂದೊಂದೇ ಚೂರನ್ನು ಉಜ್ಜಿ ತೊಳೆದಳು. ಅಂಗೈಯಗಲದ ಒಂದು ಚೂರಿನ ಒಳಮೈಯಲ್ಲಿ ಅವಳ ಹೆಬ್ಬೆರಳಿನ ಗುಳಿಯಿತ್ತು. ತಿರುಗಿಸಿದರೆ ಹೊರಗೆ, ಅದರ ಬೆನ್ನಿಗೇ, ಅವನದು. ನಡುವೆ ಉಳಿದ ಮಣ್ಣು ಹಪ್ಪಳದಷ್ಟು ತೆಳುವಾಗಿತ್ತು.

ಅದನ್ನು ಅವಳು ಒಳಮೈ ಕೆಳಗೆ ಮಾಡಿ, ಪೇಪರಿನ ಮೇಲೆ ಒಣಗಲು ಇಟ್ಟಳು.